ಒಂದು ಚೀಲ ಜೋಳದ ಎದುರು

ತಿಂದು ತಿಂದು ನನಗೆ ಸಾಕಾಗಿತ್ತು. ಹಸಿವಾಗಿ ತಿಂದದ್ದು ಯಾವಾಗ ಎಂದು ಕೇಳಿದರೆ ನೆನಪಿಲ್ಲ. ಬೆಳಿಗ್ಗೆ ಬೆಣ್ಣೆ ಹಚ್ಚಿದ ನಾಲ್ಕು ರೊಟ್ಟಿ, ಹತ್ತು ಗಂಟೆಗೆ ಒಂದು ಬಟ್ಟಲು ಗೋದಿ ಹುಗ್ಗಿ, ಮಧ್ಯಾಹ್ನ ಮತ್ತೆ ರೊಟ್ಟಿ, ಅದರ ಮೇಲೆ ಅನ್ನ, ಸಂಜೆಗೆ ಶೇಂಗಾದ ಉಂಡೆ, ರಾತ್ರಿ ಊಟವಾದ ಮೇಲೆ ತುಪ್ಪ ಹಾಕಿದ ಹಾಲು. ಹತ್ತೊಂಬತ್ತು ವರ್ಷ ಹೀಗೆ ತಿಂದೆ. ಬೇರೆಯವರು ನೌಕರಿ ಮಾಡುತ್ತಾರೆ, ನಾನು ತಿನ್ನುತ್ತಿದ್ದೆ. ನೌಕರಿಯಲ್ಲಾದರೆ ಅರವತ್ತಕ್ಕೆ ಬಿಡುಗಡೆ ಉಂಟು.

ನಮ್ಮ ಊರಿನಲ್ಲಿ ಹೊರಗಿನಿಂದ ಬಂದವರು ವರ್ಷ ವರ್ಷ ಹಗುರಾಗುತ್ತಾರೆ. ಮೈ ಸೊರಗುವುದಿಲ್ಲ, ಗಲ್ಲ ಬತ್ತುವುದಿಲ್ಲ, ಅಂಗಿ ಸಡಿಲಾಗುವುದಿಲ್ಲ. ತೂಕ ಮಾತ್ರ ಹೋಗುತ್ತದೆ. ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಹೊಳೆಯ ದಂಡೆಯ ತೂಕದ ಮನೆಗೆ ಅವರನ್ನು ಕರೆಸಿ ದೊಡ್ಡ ತಕ್ಕಡಿಯಲ್ಲಿ ತೂಗುತ್ತಾರೆ, ಅಷ್ಟೇ. ಒಂಟಿ ಮನುಷ್ಯನಾದರೆ ಎದುರಿನ ತಟ್ಟೆಯಲ್ಲಿ ಅರ್ಧ ಚೀಲ ಜೋಳ. ಊರಿನವರನ್ನು ಮದುವೆಯಾದವರಾದರೆ ಗಂಡ ಹೆಂಡತಿ ಇಬ್ಬರನ್ನೂ ಒಂದೇ ತಟ್ಟೆಯಲ್ಲಿ ಕೂರಿಸಿ ಎದುರಿಗೆ ಪೂರ್ತಿ ಚೀಲ, ಒಂದು ಕ್ವಿಂಟಲ್ ಜೋಳ ಇಡುತ್ತಾರೆ. ಚೀಲ ಮೇಲೆದ್ದರೆ ಇನ್ನೊಂದು ವರ್ಷ ಇರಬಹುದು. ಕೂತವರು ಮೇಲೆದ್ದರೆ ಹೊರಗಿನವರು ಅವತ್ತೇ ಸಂಜೆಯ ಬಸ್ಸಿನಲ್ಲಿ ಸೇತುವೆ ದಾಟಬೇಕು. ದಾಟಿದವರು ತಿರುಗಿ ಬರುವಂತಿಲ್ಲ. ಅವರ ಬೆನ್ನು ಹತ್ತಿ ಹೋದ ಊರಿನವರೂ ಅಷ್ಟೇ, ಅವರ ಹೆಸರನ್ನು ಊರಿನ ಪುಸ್ತಕದಿಂದ ಹೊಡೆದು ಹಾಕುತ್ತಾರೆ.

ಮದುವೆಯೊಂದಾದರೆ ಉಳಿದುಬಿಟ್ಟೆವು ಎಂದು ಹೊಸದಾಗಿ ಬಂದವರು ತಿಳಿಯುತ್ತಾರೆ. ಹಾಗೇನಿಲ್ಲ. ಮದುವೆಯಿಂದ ಸಿಗುವುದು ಹೆಂಡತಿಯ ತೂಕ. ಅದು ಎಷ್ಟು ವರ್ಷಕ್ಕೆ ಸಾಲುತ್ತದೆಂದು ಯಾವ ಪುರೋಹಿತರೂ ಹೇಳುವುದಿಲ್ಲ.

ಗಂಡನ ಹೆಸರು ಹೆಂಡತಿ ಹೇಳಬಾರದು ಎನ್ನುತ್ತಾರೆ. ವರ್ಷಕ್ಕೊಮ್ಮೆ ತೂಕದ ಮನೆಯ ಕಿಟಕಿಯಲ್ಲಿ ಕೂಗಿ ಕೂಗಿ ಹೇಳಿ ನನಗೆ ಆ ನಾಚಿಕೆ ಹೋಗಿದೆ. ಮಾದಯ್ಯ. ಕೊಡೆ, ಬೀಗ, ಸ್ಟೋವು ರಿಪೇರಿ ಮಾಡುತ್ತಾರೆ. ಸೇತುವೆಯ ಆಚೆ ಎಲ್ಲೋ ತೆಂಕಣ ದಿಕ್ಕಿನಿಂದ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದವರು. ಅವರು ನಮ್ಮ ಮನೆಯ ಬಾಗಿಲಿಗೆ ಬಂದಾಗ ನನಗೆ ಮೂವತ್ತೊಂದು. ಅಪ್ಪ ಅವ್ವ ತೀರಿಹೋಗಿ, ಅಣ್ಣ ಬೇರೆ ಮನೆ ಮಾಡಿ, ನಾನೊಬ್ಬಳೇ ಹಳೆಯ ಮನೆಯಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದೆ. ಆಗಲೇ ನನ್ನದು ದೊಡ್ಡ ಮೈ. ನೋಡಲು ಬಂದ ಗಂಡುಗಳೆಲ್ಲ ನನ್ನನ್ನು ನೋಡಿ, ಬಾಗಿಲನ್ನು ನೋಡಿ, ಉಪ್ಪಿಟ್ಟು ತಿಂದು ಹೋದವರು.

ಇವರು ಕೇಳಿದರೆಂದು ಗೊತ್ತಾದಾಗ ಅಣ್ಣ ಹಾರಾಡಿದ. “ಅಂವ ನಿನ್ನ ಮದವಿ ಆಗಾಕತ್ತಿಲ್ಲ, ನಿನ್ನ ತೂಕಾನ ಮದವಿ ಆಗಾಕತ್ತಾನ,” ಎಂದ. ಅದನ್ನು ನಾನು ಇವರನ್ನೇ ಕೇಳಿದೆ. ಬೀಗಕ್ಕೆ ಎಣ್ಣೆ ಬಿಡುತ್ತಿದ್ದವರು ತಲೆ ಎತ್ತದೆ ಹೇಳಿದರು: “ಮೊದಲು ನೋಡಿದ್ದು ಅದನ್ನೇ. ಸುಳ್ಳು ಯಾಕೆ ಹೇಳ್ಲಿ? ಆಮೇಲೆ ನಿಮ್ಮ ರೊಟ್ಟಿ ತಿಂದೆ. ಆಮೇಲೆ ನೀವು ಗಿರಾಕಿಗಳಿಗೆ ಬೈಯೋದು ಕೇಳ್ದೆ. ಈಗ ಯಾವುದಕ್ಕೆ ಅಂತ ನನಗೂ ಸರಿಯಾಗಿ ಗೊತ್ತಾಗ್ತಿಲ್ಲ.” ಅಷ್ಟು ನೆಟ್ಟಗೆ ಮಾತಾಡುವ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ವಾರವೇ ಹೂಂ ಎಂದೆ.

ಮೊದಲ ವರ್ಷಗಳು ಸಲೀಸಾಗಿ ಹೋದವು. ತೂಕದ ಮನೆಯವರಿಗೆ ನಮ್ಮದು ನಿಜವಾದ ಮದುವೆಯೋ ತೋರಿಕೆಯದೋ ಎಂಬ ಅನುಮಾನ ಮಾತ್ರ ಇತ್ತು. “ನಿಮ್ಮ ಯಜಮಾನ್ರು ಯಾವ ಮಗ್ಗಲಿಗೆ ಮಲಗ್ತಾರ್ರಿ?” ಎಂದು ಒಬ್ಬ ಕೇಳಿದ. “ಯಾವ ಮಗ್ಗಲಿಗೆ ಮಲಗಿದ್ರೂ ನನ್ನ ಸೆರಗಿಗೆ ಗಂಟ ಹಾಕ್ಕೊಂಡ ಮಲಗ್ತಾರಪ್ಪ, ಗಾಳಿ ಬಿಟ್ಟಾಗ,” ಎಂದೆ. ಅದು ನಿಜವೇ. ಏಳನೆಯ ವರ್ಷದ ಹೊತ್ತಿಗೆ ಇವರಿಗೆ ಕೊಡೆ ಬಿಚ್ಚಿ ಪರೀಕ್ಷೆ ಮಾಡುವುದೆಂದರೆ ಕಂಬ ತಬ್ಬಿಕೊಂಡು ಮಾಡಬೇಕಾಗಿತ್ತು. ಅಂಗಿಯ ಜೇಬುಗಳಲ್ಲಿ ಹಳೆಯ ಬೀಗ ತುಂಬಿಕೊಂಡು ಪೇಟೆಗೆ ಹೋಗುತ್ತಿದ್ದರು. ತೂಗುವ ದಿನ ಬಾಗಿಲಲ್ಲೇ ಜೇಬು ತಡವಿ ಅವನ್ನೆಲ್ಲ ತೆಗೆಸುತ್ತಿದ್ದರು.

ಇವರು ಕಳೆದುಕೊಂಡಷ್ಟನ್ನು ನಾನು ಗಳಿಸಬೇಕು. ಲೆಕ್ಕ ಅಷ್ಟು ಸರಳ. ಮಕ್ಕಳಾಗಲಿಲ್ಲ, ಆಗಿದ್ದರೆ ಅವರಿಗೂ ಉಣಿಸುವ ಕೆಲಸ ಇರುತ್ತಿತ್ತು. ಈಗ ಉಣ್ಣುವುದೆಲ್ಲ ನನ್ನ ಪಾಲಿಗೇ. ಹದಿನೈದನೆಯ ವರ್ಷಕ್ಕೆ ಸಕ್ಕರೆ ಕಾಯಿಲೆ ಬಂತು. ಅಂಗಾಲು ಉರಿ, ಮಂಡಿ ಊತ, ಮಧ್ಯಾಹ್ನವಾದರೆ ಕಣ್ಣು ಮಂಜು. ಡಾಕ್ಟರಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ತೂಕ ಇಳಿಸ್ರಿ,” ಎಂದರು. “ಯಾರ್ದು?” ಎಂದೆ. ಅವರು ಕಾಗದದ ಮೇಲೆ ಏನೋ ಗೀಚತೊಡಗಿದರು. ಪಾಪ, ಅವರೂ ಏನು ಮಾಡಿಯಾರು.

“ಹೋಗೂಣು ನಡೀರಿ, ಇಬ್ರೂ ಸೇತುವೆ ದಾಟೂಣು,” ಎಂದು ನಾನು ಎರಡು ಮೂರು ಸಲ ಹೇಳಿದ್ದುಂಟು. ಬೇಸರಕ್ಕೆ ಹೇಳಿದ್ದು, ಗಟ್ಟಿ ಮನಸ್ಸಿನಿಂದಲ್ಲ. ಇವರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: “ಒಬ್ಬರು ಊರು ಕಳ್ಕೊಂಡಿದ್ದು ಸಾಕು, ಚಂಪಾ.” ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು. ನಾನು ಎದ್ದು ಹುಗ್ಗಿಯ ಪಾತ್ರೆಗೆ ಸೌಟು ಹಾಕುತ್ತಿದ್ದೆ.

ಈ ವರ್ಷ ಮಾತ್ರ ನನಗೆ ಎಲ್ಲಿಲ್ಲದ ದಣಿವು. ಆ ದಣಿವಿನಲ್ಲಿ ಕೆಲವು ಸಂಗತಿಗಳನ್ನು ಗಮನಿಸಲಿಲ್ಲ, ಗಮನಿಸಿದ್ದಕ್ಕೆ ಅರ್ಥ ಹಚ್ಚಲಿಲ್ಲ. ನಮ್ಮ ಹೊಸ್ತಿಲ ಮುಂದೆ ಒಂದು ಸಡಿಲ ಚಪ್ಪಡಿ ಇದೆ. ನಾನು ಕಾಲಿಟ್ಟರೆ ಟಕ್ ಎನ್ನುತ್ತದೆ, ಇವರು ಕಾಲಿಟ್ಟರೆ ಅನ್ನುವುದಿಲ್ಲ. ಇವರು ಒಳಗೆ ಕೂತು ಕೊಡೆಯ ಬಟ್ಟೆ ಹೊಲಿಯುತ್ತಿದ್ದರೂ ಆ ಸದ್ದು ಕೇಳಿ, “ಬಂದ್ಯಾ?” ಎನ್ನುವುದು ರೂಢಿ. ಈ ಸಲ ಚಳಿಗಾಲದಲ್ಲಿ ಒಂದು ದಿನ ಸಂತೆಯಿಂದ ಬಂದು ನಾನು ಎದುರಿಗೇ ನಿಂತಿದ್ದೆ, ಇವರು ಬೆಚ್ಚಿದರು. “ಕಿವಿ ಕೇಳಸವಲ್ದೇನ್ರಿ?” ಎಂದು ರೇಗಿಸಿದೆ. ಇವರು ನಗಲಿಲ್ಲ. ಎದ್ದು ಹೋಗಿ ಒಂದು ಕೈಯಿಂದ ಬಾಗಿಲ ಚೌಕಟ್ಟು ಬಿಗಿಹಿಡಿದು ಇನ್ನೊಂದರಿಂದ ಚಪ್ಪಡಿಯನ್ನು ಒತ್ತಿ ನೋಡಿದರು. ಅದು ಟಕ್ ಎಂದಿತು.

ಅದೇ ದಿನಗಳಲ್ಲಿ ರೇಷನ್ ಅಂಗಡಿಗೆ ಬಂದ ಹೊಸ ಹುಡುಗಿ ನನ್ನ ಚೀಟಿ ನೋಡುವ ಮೊದಲೇ, “ಯಾವೂರ್ರಿ ನಿಮ್ದು?” ಎಂದು ಕೇಳಿದಳು. “ಇಲ್ಲೇ ಹುಟ್ಟೇನವ್ವ, ನಿಮ್ಮಪ್ಪ ಹುಟ್ಟೂಕಿಂತ ಮೊದ್ಲ,” ಎಂದೆ. ಹಿಂದೆ ನಿಂತವರು ನಕ್ಕರು. ನನಗೂ ನಗು ಬಂತು. ಆದರೆ ಪಂಚಮಿಗೆ ಅಣ್ಣನ ಮನೆಯಿಂದ ಉಂಡಿ ಬರದೆ ಎಷ್ಟು ವರ್ಷವಾಯಿತು, ಓಣಿಯಲ್ಲಿ ಬಸುರಿಯರ ಕುಬಸಕ್ಕೆ ಕರೆಯುವಾಗ ನಮ್ಮ ಬಾಗಿಲು ದಾಟಿ ಹೋಗುವುದು ಯಾವಾಗಿನಿಂದ ಶುರುವಾಯಿತು ಎಂದು ದಾರಿಯುದ್ದಕ್ಕೂ ಎಣಿಸಿದೆ. ಮನೆಗೆ ಬಂದು ಎರಡು ಉಂಡೆ ಹೆಚ್ಚಿಗೆ ತಿಂದೆ.

ಮನುಷ್ಯರನ್ನು ತೂಗುವ ತಕ್ಕಡಿ ನಮ್ಮ ಊರಿನಲ್ಲಿ ತೂಕದ ಮನೆಯವರ ಹತ್ತಿರ ಬಿಟ್ಟರೆ ಬೇರೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಹೀಗಾಗಿ ನಮ್ಮಂಥ ಜೋಡಿಗಳು ತೂಗುವ ದಿನಕ್ಕೆ ಎಂಟು ದಿನ ಮುಂಚಿನ ಭಾನುವಾರ ಮಧ್ಯಾಹ್ನ ಶಾಲೆಯ ಅಂಗಳಕ್ಕೆ ಹೋಗುತ್ತೇವೆ. ಅಲ್ಲಿ ಮಕ್ಕಳು ಆಚೆ ಈಚೆ ಕೂತು ಏರಿ ಇಳಿಯುವ ಉದ್ದನೆಯ ಹಲಗೆ ಇದೆ. ಒಂದು ತುದಿಗೆ ಜೋಳದ ಚೀಲ, ಇನ್ನೊಂದು ತುದಿಗೆ ನಾವು ಒಬ್ಬರ ಹಿಂದೆ ಒಬ್ಬರು. ಗಂಡಂದಿರು ಮೀಸೆ ಹೊತ್ತು, ಹೆಂಡತಿಯರು ಸೀರೆ ಎತ್ತಿ ಹಲಗೆ ಏರುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ಅಲ್ಲಿ ಯಾರೂ ನಗುವುದಿಲ್ಲ. ತೂಕ ಸಾಲದಿದ್ದರೆ ಉಳಿದ ಎಂಟು ದಿನ ಹಗಲಿರುಳು ತಿನ್ನಬೇಕು. ಹೋದ ವರ್ಷ ನಮ್ಮದು ಸಾಲಲಿಲ್ಲ. ಆ ಎಂಟು ದಿನ ನಾನು ತಿಂದದ್ದನ್ನು ಹೇಳಿದರೆ ನೀವು ಊಟ ಬಿಡುತ್ತೀರಿ.

ಈ ಸಲ ರೊಟ್ಟಿಗೆಂದು ತಂದ ಹೊಸ ಚೀಲ ಶುಕ್ರವಾರದಿಂದ ಮನೆಯಲ್ಲೇ ಇತ್ತು. ಭಾನುವಾರ ಹಮಾಲ ಬಂದು ಅದನ್ನು ಎಂದಿಗಿಂತ ಸುಲಭವಾಗಿ ಹೆಗಲಿಗೆ ಹಾಕಿಕೊಂಡ. ಉಂಡು ಬಂದಿದ್ದಾನೆ ಅಂದುಕೊಂಡೆ. ಶಾಲೆಯಲ್ಲಿ ಚೀಲವನ್ನು ಹಲಗೆಗೆ ಕಟ್ಟುವಾಗ ಅದರ ಬಾಯಿಗೆ ಹಾಕಿದ ಹೊಲಿಗೆ ಕಣ್ಣಿಗೆ ಬಿತ್ತು. ಅಂಗಡಿಯವರು ಸುತಳಿಯಿಂದ ಹೊಲಿಯುತ್ತಾರೆ, ಇದು ಕಪ್ಪು ದಾರ. ಒತ್ತೊತ್ತಾಗಿ, ಚೊಕ್ಕಟವಾಗಿ ಹಾಕಿದ ಹೊಲಿಗೆ. ಜೋಳದ ಚೀಲ ನೋಡಿಯೇ ಬದುಕಿದವಳು ನಾನು. ಆದರೂ ನನ್ನ ತಲೆಗೆ ಹೋಗಲಿಲ್ಲ. ಇವರನ್ನು ಮುಂದೆ ಕೂರಿಸಿಕೊಂಡು ಕಣ್ಣು ಮುಚ್ಚಿ ಹಲಗೆಯ ಮೇಲೆ ಕೂತೆ. ನಮ್ಮ ತುದಿ ಧಪ್ಪನೆ ನೆಲಕ್ಕೆ ಬಡಿಯಿತು. ಚೀಲ ಮೇಲೆ ಆಕಾಶದಲ್ಲಿತ್ತು. ಸುತ್ತಲಿದ್ದ ಹೆಂಗಸರು ಹೊಟ್ಟೆಕಿಚ್ಚಿನಿಂದ ನೋಡಿದರು.

“ನೋಡು, ಸಾಕಷ್ಟಿದೆ,” ಎಂದರು ಇವರು, ಬೆನ್ನು ತೋರಿಸಿ ಕೂತಲ್ಲಿಂದಲೇ. “ಇನ್ನು ಎಂಟು ದಿನ ನಿನಗೆ ಬೇಕಾದಷ್ಟೇ ತಿನ್ನು. ನನ್ನ ಮೇಲಾಣೆ.”

ಆ ಎಂಟು ದಿನ ನಾನು ಬದುಕಿದೆ. ಬೆಳಿಗ್ಗೆ ಒಂದು ರೊಟ್ಟಿ, ಸಂಜೆಗೆ ಒಂದು ರೊಟ್ಟಿ, ಪಲ್ಯ, ಮಜ್ಜಿಗೆ. ವ್ಯಾಪಾರ ನಿಲ್ಲಿಸಿದೆ, ಮನೆಗೆ ಹಳೆಯ ಹಿಟ್ಟೇ ಸಾಕಾಯಿತು, ಹೊಸ ಚೀಲವನ್ನು ಮೂಲೆಗೆ ನೂಕಿಬಿಟ್ಟೆ. ಮೂರನೆಯ ದಿನಕ್ಕೆ ಅಂಗಾಲಿನ ಉರಿ ಕಡಿಮೆಯಾಯಿತು. ಮಧ್ಯಾಹ್ನ ಮಲಗಿದರೆ ಸಂಜೆಯ ತನಕ ನಿದ್ದೆ. ಇವರು ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಹಿತ್ತಲ ಬಾಗಿಲಿಗೆ ಹೊಸ ಬೀಗ ಹಾಕಿದರು, ಸ್ಟೋವಿನ ಪಿನ್ನು ಬದಲಿಸಿದರು, ಮಾಡಿನ ತೂತಿಗೆ ಡಾಂಬರು ಹಚ್ಚಿದರು, ಬಾವಿಯ ಗಡಗಡಿಗೆ ಎಣ್ಣೆ ಬಿಟ್ಟರು, ಎಲ್ಲಾ ಬೀಗದ ಕೈಗಳನ್ನು ಒಂದು ದಾರಕ್ಕೆ ಪೋಣಿಸಿ ನನ್ನ ಕೈಗೆ ಕೊಟ್ಟು ಯಾವುದು ಯಾವುದಕ್ಕೆ ಎಂದು ಎರಡು ಸಲ ಹೇಳಿಸಿಕೊಂಡರು. ತೂಕ ಸಾಲುತ್ತದೆ ಎಂಬ ಹುರುಪು ಅಂದುಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ತೂಗುವ ದಿನದ ಭಯ ನನಗಿರಲಿಲ್ಲ.

ತೂಕದ ಮನೆಯಲ್ಲಿ ಆ ದಿನ ಸರದಿ ಬಾಗಿಲಿನ ಆಚೆಗೂ ಇತ್ತು. ಅಲ್ಲಿನ ಕಾರಕೂನ ಗದಿಗೆಪ್ಪ ನಮ್ಮ ಓಣಿಯವನೇ, ಶಾಲೆಯಲ್ಲಿ ನನಗಿಂತ ಎರಡು ವರ್ಷ ಹಿಂದೆ ಇದ್ದವನು. “ಆರಾಮ ಅದೀರಿ, ಚಂಪಕ್ಕ?” ಎಂದು ಕೇಳಿ, ಇವರ ಜೇಬು ತಡವಿ ನಮ್ಮನ್ನು ತಟ್ಟೆಗೆ ಹತ್ತಿಸಿದ. ನಾನು ಸೆರಗು ಸರಿಮಾಡಿಕೊಂಡು, ಮುಗಿದ ಮೇಲೆ ಸಂತೆಯಲ್ಲಿ ಬದನೆಕಾಯಿ ಕೊಳ್ಳಬೇಕು ಎಂದು ಯೋಚಿಸುತ್ತಿದ್ದೆ. ಅವನು ತಕ್ಕಡಿ ಅಲುಗದಂತೆ ತಡೆದಿದ್ದ ಅಡ್ಡಗೋಲು ತೆಗೆದ. ನಾವು ಮೇಲೆದ್ದೆವು. ನಿಧಾನವಾಗಿಯೂ ಅಲ್ಲ, ಖಾಲಿ ಕೊಡವನ್ನು ಎತ್ತಿದ ಹಾಗೆ.

“ಏನೋ ತಪ್ಪಾಗೈತಿ,” ಎಂದೆ. “ಎಂಟ ದಿನದ ಹಿಂದ ಶಾಲ್ಯಾಗ ನೋಡೇವಿ. ಚೀಲ ಮ್ಯಾಲ ಇತ್ತು. ಬೇಕಾದ್ರ ಮಂದೀನ ಕೇಳ್ರಿ.” ಗದಿಗೆಪ್ಪ ಚೀಲ ಬದಲಿಸಿದ. ಮತ್ತೆ ಮೇಲೆದ್ದೆವು. ನಾನು ಇವರ ಕಡೆ ನೋಡಿದೆ. ಇವರು ತಮ್ಮ ಚಪ್ಪಲಿ ನೋಡುತ್ತಾ ಕೂತಿದ್ದರು. ಗದಿಗೆಪ್ಪ ಇವರನ್ನು ಇಳಿಸಿದ, ಇವರು ಗೋಡೆಯ ಬದಿಗೆ ಹೋಗಿ ನಿಂತರು. ಮನೆಯಿಂದ ಬರುವಾಗ ಇವರ ಕೈಯಲ್ಲಿ ಒಂದು ಸಣ್ಣ ಗಂಟು ಇದ್ದದ್ದು ನನಗೆ ಆಗ ಕಂಡಿತು.

ಜೋಡಿ ಮೇಲೆದ್ದಾಗ ಊರಿನವರನ್ನು ಒಂಟಿಯಾಗಿ ಅರ್ಧ ಚೀಲದ ಎದುರು ಇನ್ನೊಮ್ಮೆ ತೂಗುವುದು ಪದ್ಧತಿ. ಊರಿನವರದೇನೂ ಕೊರತೆಯಿಲ್ಲ ಎಂದು ಬರೆದುಕೊಳ್ಳಲು. ಹೆಸರಿಗೆ ಮಾತ್ರ ಮಾಡುವುದು, ಊರಿನವರು ಯಾರೂ ಇದುವರೆಗೆ ಮೇಲೆದ್ದದ್ದಿಲ್ಲ. ನಾನು ತಟ್ಟೆಯಲ್ಲೇ ಕೂತಿದ್ದೆ. ಗದಿಗೆಪ್ಪ ಅರ್ಧ ಚೀಲ ಇಟ್ಟು ಅಡ್ಡಗೋಲು ತೆಗೆದ. ತಟ್ಟೆ ನೆಲ ಬಿಟ್ಟಿತು. ಒಂದು ಗೇಣು ಎದ್ದಿರಬೇಕು, ಅಷ್ಟರಲ್ಲಿ ಅವನು ಪುಸ್ತಕ ಹಿಡಿದುಕೊಂಡೇ ನನ್ನ ಬದಿಗೆ ಸರಿದು ಬಂದ. ಇನ್ನೊಂದು ಕೈಯನ್ನು ತಟ್ಟೆಯ ಅಂಚಿಗಿಟ್ಟು ಒತ್ತಿದ. ತಟ್ಟೆ ಕೆಳಗಿಳಿಯಿತು. ಅವನ ಮೈ ಅಡ್ಡವಾಗಿ ಸರದಿಯವರಿಗೆ ಏನೂ ಕಾಣುತ್ತಿರಲಿಲ್ಲ. ನನಗೆ ಅವನ ಮುಂಗೈಯ ನರ ಉಬ್ಬಿದ್ದು ಕಾಣುತ್ತಿತ್ತು.

“ಆತು. ಬರೀತೀನಿ. ಇಳೀರಿ ಅಕ್ಕಾ,” ಎಂದ, ಮೆತ್ತಗೆ.

ನಾನು ಇಳಿಯಲಿಲ್ಲ. ಆ ಕಪ್ಪು ದಾರ ಈಗ ನನ್ನ ಕಣ್ಣೆದುರಿಗೆ ಬಂತು. ಕೊಡೆ ಹೊಲಿಯುವ ದಾರ. ಅಷ್ಟು ಒತ್ತಾದ ಹೊಲಿಗೆ ಊರಿನಲ್ಲಿ ಒಬ್ಬರದೇ.

“ರೀ,” ಎಂದೆ. “ಚೀಲದಾಗಿಂದ ಎಷ್ಟ ತಗದ್ರಿ?”

ಇವರು ಗೋಡೆಯ ಬದಿಯಿಂದ ಹತ್ತಿರ ಬಂದರು. “ಸೇರು ಸೇರಾಗಿ ತೆಗೆದೆ. ಮೂವತ್ತೈದು ಕೇಜಿ ಇರಬಹುದು. ಅಷ್ಟು ಜಾಗಕ್ಕೆ ಹೊಟ್ಟು ತುಂಬಿದೆ. ಜೋಳ ಎಲ್ಲೂ ಹೋಗಿಲ್ಲ, ಅಟ್ಟದ ಮೇಲೆ ಗುಡಾಣದಲ್ಲಿದೆ.”

“ಯಾಕ?”

“ಚಪ್ಪಡಿ ಸದ್ದು ನಿಂತುಹೋಗಿತ್ತು ಚಂಪಾ. ಚಳಿಗಾಲದಿಂದ. ನೀನು ತಿಂತಾನೇ ಇದ್ದೆ, ಇಳೀತಾನೇ ಇದ್ದೆ. ಮೈ ಊದಿ, ಕಾಲು ಊದಿ, ತೂಕ ಮಾತ್ರ ಇಲ್ಲ. ಹೇಳಿದ್ರೆ ಇನ್ನೂ ತಿಂತಿದ್ದೆ, ಸತ್ತೇ ಹೋಗ್ತಿದ್ದೆ. ಎಂಟು ದಿನವಾದ್ರೂ ನೆಮ್ಮದಿಯಾಗಿ ಮಲಗ್ಲಿ ಅಂತ.” ಗದಿಗೆಪ್ಪನ ಕಡೆ ನೋಡಿ ದನಿ ತಗ್ಗಿಸಿದರು. “ಅವರು ಒಳ್ಳೇವ್ರು. ಇಳಿ. ಮನೆಗೆ ಹೋಗು. ಬೀಗದ ಕೈಯೆಲ್ಲ ನಿನ್ನ ಹತ್ರಾನೇ ಇದೆ.”

ಸಿಟ್ಟು ಬಂತು, ಮೊದಲು ಬಂದದ್ದು ಸಿಟ್ಟೇ. ನನ್ನನ್ನು ಕೇಳದೆ ನನ್ನ ಚೀಲ ಬಿಚ್ಚಿದ್ದಕ್ಕೆ, ಅಷ್ಟು ದಿನ ಗೊತ್ತಿದ್ದೂ ಎದುರಿಗೆ ಕೂತು ಮಜ್ಜಿಗೆ ಕುಡಿದಿದ್ದಕ್ಕೆ. ಆಮೇಲೆ ಸಿಟ್ಟು ಹೋಗಿ ಅಳು ಬಂತು, ಅದೂ ಹೋಯಿತು. ಉಳಿದದ್ದು ಒಂದೇ ವಿಚಾರ. ಇಷ್ಟು ವರ್ಷ ನಾನು ಇವರನ್ನು ಈ ಊರಿಗೆ ಜಗ್ಗಿ ಹಿಡಿದಿದ್ದೇನೆ ಅಂದುಕೊಂಡಿದ್ದೆ. ನನ್ನನ್ನು ಹಿಡಿದವರು ಯಾರು? ಅಣ್ಣನೂ ಅಲ್ಲ, ಓಣಿಯೂ ಅಲ್ಲ, ರೇಷನ್ ಅಂಗಡಿಯ ಆ ಹುಡುಗಿಯಂತೂ ಅಲ್ಲ. ಈಗ ಗದಿಗೆಪ್ಪನ ಒಂದು ಕೈ. ಒಳ್ಳೆಯ ಮನುಷ್ಯನದೇ ಕೈ, ಇಲ್ಲವೆನ್ನುವುದಿಲ್ಲ. ಆದರೆ ಅವನು ಎಷ್ಟು ದಿನ ಒತ್ತಿ ಹಿಡಿದಾನು? ಅವನಿಗೂ ಬೇರೆ ಕೆಲಸವಿದೆ.

“ಕೈ ತಗಿ, ಗದಿಗೆಪ್ಪ.”

“ಸುಮ್ಕಿರ್ರಿ ಚಂಪಕ್ಕ. ಹಿಂದ ಮಂದಿ ಐತಿ.”

“ಅದಕ್ಕ ಹೇಳಾಕತ್ತೀನಿ. ಎಲ್ಲಾರೂ ನೋಡ್ಲಿ. ನಾ ಇಲ್ಲೇ ಹುಟ್ಟಿದಾಕಿ, ಎಷ್ಟ ತೂಗ್ತೀನಿ ಅನ್ನೂದು ಊರಿಗೆ ಗೊತ್ತಾಗ್ಲಿ. ಕೈ ತಗಿ.”

“ಚಂಪಾ, ಬೇಡ,” ಎಂದರು ಇವರು. “ಮನೆ ಇದೆ, ಒಲೆ ಇದೆ. ಆ ಕಡೆ ಏನಿದೆ ಅಂತ ಬರ್ತೀಯಾ? ನನಗೇ ಅಲ್ಲಿ ಯಾರೂ ಇಲ್ಲ.”

“ಇಲ್ಲಿ ನನಗ ಯಾರದಾರ, ಹೇಳ್ರಿ,” ಎಂದೆ. ಇವರು ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ನೆಟ್ಟಗೆ ಮಾತಾಡುವ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ. ಚೀಲದ ವಿಷಯದಲ್ಲಿ ಅದು ಹೇಗೆ ಬಂತೋ ನನಗೆ ತಿಳಿಯದು.

ಗದಿಗೆಪ್ಪ ಪುಸ್ತಕವನ್ನು ಕಂಕುಳಿಗೆ ಸೇರಿಸಿದ. ಆಮೇಲೆ ಒಂದೊಂದೇ ಬೆರಳು ಸಡಿಲಿಸಿ ಕೈ ತೆಗೆದ.

ತಟ್ಟೆ ಮೇಲಕ್ಕೆ ಹೋಯಿತು. ಸರದಿಯಲ್ಲಿದ್ದವರು ಕತ್ತೆತ್ತಿ ನೋಡಿದರು. ಅಷ್ಟು ಎತ್ತರದಿಂದ ಕಿಟಕಿಯಾಚೆ ಹೊಳೆ ಕಂಡಿತು, ಸೇತುವೆ ಕಂಡಿತು, ಸೇತುವೆಯ ಆಚೆ ತುದಿಯಲ್ಲಿ ಯಾರೋ ಹೆಂಗಸೊಬ್ಬಳು ಬಟ್ಟೆ ಒಗೆದು ಹರವುತ್ತಿದ್ದಳು. ಇಷ್ಟು ವರ್ಷ ನೋಡದ ಹೆಂಗಸು. ನನ್ನ ಕಾಲುಗಳು ಗಾಳಿಯಲ್ಲಿ ಇಳಿಬಿದ್ದಿದ್ದವು. ಉರಿ ಇರಲಿಲ್ಲ. ನನ್ನ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದ ಇವರು ಕೆಳಗೆ ಬಂದು ನಿಂತು, ಕೈ ಚಾಚಿ ನನ್ನ ಪಾದ ಹಿಡಿದುಕೊಂಡರು. ನಾನು ಹಾರಿಹೋಗುತ್ತೇನೆ ಅನ್ನುವ ಹಾಗೆ ಗಟ್ಟಿಯಾಗಿ ಹಿಡಿದಿದ್ದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಹೊಟ್ಟೆಯೊಳಗೆ ಏನೋ ಸಣ್ಣಗೆ ಸಂಕಟವಾದ ಹಾಗಾಯಿತು. ಅದು ಏನೆಂದು ತಿಳಿಯಲು ನನಗೆ ಒಂದಿಷ್ಟು ಹೊತ್ತು ಬೇಕಾಯಿತು.

“ರೀ,” ಎಂದೆ, “ನನಗ ಹಸಿವಿ ಆಗೈತಿ. ಬಸ್ ಹತ್ತೂಕಿಂತ ಮೊದ್ಲ ಇಬ್ರೂ ಏನರ ತಿನ್ನೂಣು.”